ಇದ್ದಿಲು ಹಚ್ಚದ ಬೆಳಗು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಇದರಲ್ಲಿರುವ ಒಬ್ಬರ ಹೆಸರನ್ನು ಸದ್ಯಕ್ಕೆ ಹೇಳುವ ಹಾಗಿಲ್ಲ. ಅವರೊಬ್ಬರನ್ನು ಹೆಸರಿಲ್ಲದೆ ಬಿಟ್ಟು ನಾವೆಲ್ಲ ಹೆಸರಿಟ್ಟುಕೊಂಡು ಕೂರುವುದು ಸರಿಯೆನಿಸಲಿಲ್ಲ.

ಅವರು ಲೇಖಕರು. ಆಸ್ಟ್ರೇಲಿಯಾದ ಮೂಲನಿವಾಸಿ, ತಮ್ಮನ್ನು ‘ಕಪ್ಪು ಬರಹಗಾರ’ ಎಂದೇ ಕರೆದುಕೊಳ್ಳುತ್ತಿದ್ದರು. ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಅವರ ಕುಲದಲ್ಲಿ ಒಬ್ಬರು ಸತ್ತರೆ, ಇನ್ನು ಹೇಳಬಹುದು ಎಂದು ಮನೆಯವರು ಅನ್ನುವ ತನಕ ಯಾರೂ ಅವರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮುಖವನ್ನೂ ತೋರಿಸುವುದಿಲ್ಲ, ಫೋಟೊಗಳನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಾರೆ. ಇದು ನನಗೆ ಗೊತ್ತಿತ್ತು. ನನ್ನ ಪ್ರಬಂಧದಲ್ಲಿ ಈ ಬಗ್ಗೆ ಒಂದು ಅಡಿಟಿಪ್ಪಣಿಯನ್ನೂ ಬರೆದಿದ್ದೆ. ಆಮೇಲೆ ನಾನು ಮಾಡಿದ್ದು ಗೊತ್ತಿದ್ದೂ ಮಾಡಿದ ತಪ್ಪು.

ಸಿಡ್ನಿಗೆ ಬಂದದ್ದು ಸಾಹಿತ್ಯದ ಸಂಶೋಧನೆಗೆ; ಅವರ ಕಾದಂಬರಿಗಳೂ ನನ್ನ ಪ್ರಬಂಧದಲ್ಲಿದ್ದವು. ಅಕ್ಕ, ಭಾವ ಊರಂಚಿನ ದಿ ಪಾಂಡ್ಸ್‌ನಲ್ಲಿ ಮನೆ ಮಾಡಿದ್ದರು; ಅವರ ಮನೆಯ ಹಿಂದಿನ ಕೋಣೆ ನನ್ನದಾಗಿತ್ತು. ಎರಡನೆಯ ವರ್ಷ ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿನಲ್ಲಿ ಅವರದೊಂದು ಚೀಟಿ ಕಂಡಿತು: ಕೆಟ್ಟ ಕೈಬರಹ ಓದಬಲ್ಲವರು ಬೇಕಾಗಿದ್ದಾರೆ. ನನ್ನ ತಂದೆ ಚಿತ್ರದುರ್ಗದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದರು. ಸ್ಕೂಲು ಮುಗಿಸಿ ಅಂಗಡಿಯಲ್ಲಿ ಕೂತು ಡಾಕ್ಟರುಗಳ ಚೀಟಿ ಓದುತ್ತಲೇ ಬೆಳೆದವಳು ನಾನು. ಫೋನ್ ಮಾಡಿದೆ.

ಬಾಗಿಲು ತೆರೆದವರು ಎಪ್ಪತ್ತೆಂಟರ ಆಸುಪಾಸಿನ ಎತ್ತರದ ಮುದುಕರು. ಅವರ ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಹಾಗಾಗಿ ನನ್ನನ್ನು ನೋಡಬೇಕಾದಾಗ ಅವರು ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತಿದ್ದರು. ಏನೆಂದು ಕರೆಯಲಿ ಎಂದು ಕೇಳಿದೆ.

“ಎಲ್ಲರೂ ಅಂಕಲ್ ಅಂತಾರೆ.”

“ನಮ್ಮಲ್ಲೂ ದೊಡ್ಡವರನ್ನ ಹಾಗೇ ಕರೆಯೋದು.”

“ಒಳ್ಳೇದಾಯ್ತು. ಮನೆಯವಳೇ ಆದ ಮೇಲೆ ಸಂಬಳ ಕೇಳಲ್ಲ ನೀನು.”

ನಾನು ನಗಬೇಕೋ ಬೇಡವೋ ತಿಳಿಯದೆ ನಿಂತೆ. ಅವರೇ ನಕ್ಕರು. ಸಂಬಳವನ್ನು ಕೊನೆಯ ವಾರದವರೆಗೂ ತಪ್ಪದೆ ಕೊಟ್ಟರು.

ಕೆಲಸ ಮಂಗಳವಾರ ಮತ್ತು ಗುರುವಾರ. ಎರಡು ಕಪಾಟು ತುಂಬ ನೋಟ್‌ಬುಕ್ಕುಗಳಿದ್ದವು. ನಲವತ್ತು ವರ್ಷ ಅವರು ಒಂದು ಕೆಲಸವನ್ನು ಬಿಡದೆ ಮಾಡಿದ್ದರು. ತಮ್ಮ ಜನರಲ್ಲಿ ಯಾರಾದರೂ ಪೊಲೀಸ್ ಲಾಕಪ್ಪಿನಲ್ಲೋ ಜೈಲಿನಲ್ಲೋ ಸತ್ತರೆ, ಆ ಸಾವಿನ ವಿಚಾರಣೆ ನಡೆಯುವ ಕೋರ್ಟಿಗೆ ಹೋಗಿ ಸತ್ತವರ ಮನೆಯವರ ಜೊತೆ ಕೊನೆಯ ಬೆಂಚಿನಲ್ಲಿ ಕೂರುವುದು. ಬಸ್ಸಿನಲ್ಲಿ ಎಂಟು ಗಂಟೆಯ ದಾರಿಯಾದರೂ ಹೋಗುತ್ತಿದ್ದರು. ಅಲ್ಲಿ ಕೂತು ಬರೆದುಕೊಂಡ ಪುಸ್ತಕಗಳು ಅವು. ನಾನು ಓದಿ ಟೈಪ್ ಮಾಡಬೇಕಿತ್ತು.

ಮೊದಲ ದಿನವೇ ನನಗೊಂದು ವಿಷಯ ವಿಚಿತ್ರವಾಗಿ ಕಂಡಿತು. ವಕೀಲರು ಏನೆಂದರು, ಪೊಲೀಸರು ಏನೆಂದರು ಎಂಬುದು ಆ ಪುಟಗಳಲ್ಲಿ ಇರಲೇ ಇಲ್ಲ. ಕೇಳಿದೆ.

“ಅದನ್ನ ಸರ್ಕಾರವೇ ಬರೆದಿಟ್ಕೊಳ್ಳುತ್ತೆ. ನಾನ್ಯಾಕೆ ಕೈ ನೋಯಿಸ್ಕೊಳ್ಳಲಿ?”

ಅವರು ಬರೆದುಕೊಂಡಿದ್ದು ಕೈಗಳನ್ನು. ಒಬ್ಬ ತಾಯಿ ಬಸ್ ಟಿಕೆಟನ್ನು ಎಂಟು ಮಡಿಕೆ ಮಾಡಿ ಬಿಚ್ಚಿ ಮತ್ತೆ ಎಂಟು ಮಡಿಕೆ ಮಾಡಿದ್ದು. ಒಬ್ಬ ಅಣ್ಣ ಪ್ಯಾಂಟಿನ ಮೊಣಕಾಲಿನ ದಾರ ಕೀಳುತ್ತ ಕೂತದ್ದು. ಕೋರ್ಟಿನ ಒಳಗೆ ಚಳಿಯಿರುತ್ತದೆಂದು ಒಬ್ಬ ಅಜ್ಜಿ ಸತ್ತ ಮೊಮ್ಮಗನ ಜಾಕೆಟ್ಟನ್ನು ತಂದು, ಹಾಕಿಕೊಳ್ಳದೆ, ತೊಡೆಯ ಮೇಲಿಟ್ಟುಕೊಂಡು ಅದರ ಕಾಲರನ್ನು ಸರಿಮಾಡುತ್ತಿದ್ದದ್ದು. ಆಗ ನನಗೆ ಅವರ ಕಾದಂಬರಿಗಳು ಬೇರೆಯಾಗಿ ಕಾಣತೊಡಗಿದವು. ಎರಡನೆಯ ಕಾದಂಬರಿಯಲ್ಲಿ ಒಬ್ಬಳು ಬ್ಯಾಂಕಿನ ಸಾಲಿನಲ್ಲಿ ನಿಂತು ಟಿಕೆಟನ್ನು ಎಂಟು ಮಡಿಕೆ ಮಾಡುತ್ತಾಳೆ. ಅಲ್ಲಿ ಸಾವಿಲ್ಲ, ಕೋರ್ಟಿಲ್ಲ. ಅವಳಿಗೆ ಏನಾಗಿದೆ ಎಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ವಿಮರ್ಶಕರು ಅದನ್ನು ಸಂಯಮ ಎಂದು ಕರೆದಿದ್ದರು; ನಾನೂ ನನ್ನ ಪ್ರಬಂಧದಲ್ಲಿ ಅದೇ ಶಬ್ದ ಬಳಸಿದ್ದೆ. ಅದನ್ನು ಅವರಿಗೆ ಓದಿ ಹೇಳಿದಾಗ, “ಸಂಯಮ ಅಲ್ಲ ಮಗಳೇ, ಆ ಅಮ್ಮ ನನ್ನ ಕೈ ಹಿಡ್ಕೊಂಡು ‘ಎಲ್ಲೂ ಹೇಳಬೇಡ’ ಅಂದಿದ್ದಳು. ಅವಳ ಕೈ ಮಾತ್ರ ತಗೊಂಡೆ,” ಎಂದರು.

ಅವರ ವಾಕ್ಯಗಳು ಬಹಳ ಚಿಕ್ಕವು. ಅದಕ್ಕೂ ಕಾರಣವಿತ್ತು. ಹದಿನೇಳನೆಯ ವಯಸ್ಸಿಗೆ ಹಣ್ಣಿನ ತೋಟದ ಕೆಲಸ ಬಿಟ್ಟು ನಗರಕ್ಕೆ ಬಂದವರು ಮೊದಲು ಬರೆಯಲು ಕಲಿತದ್ದು ಮೆರವಣಿಗೆಯ ಫಲಕಗಳನ್ನು. ಒಂದು ಫಲಕಕ್ಕೆ ನಾಲ್ಕು ಶಬ್ದ. ಐದನೆಯದು ಬಂದರೆ ಅಕ್ಷರ ಚಿಕ್ಕದಾಗುತ್ತದೆ, ರಸ್ತೆಯ ಆಚೆ ನಿಂತವನಿಗೆ ಕಾಣುವುದಿಲ್ಲ. “ಇವತ್ತಿಗೂ ಐದನೇ ಶಬ್ದ ಬರೆಯುವಾಗ ಕೈ ಯೋಚನೆ ಮಾಡುತ್ತೆ,” ಎನ್ನುತ್ತಿದ್ದರು.

ಪ್ರತಿ ಬೇಸಿಗೆ ಅವರು ತಮ್ಮ ಜನರ ಪ್ರತಿಭಟನೆಯ ಮೆರವಣಿಗೆಗೆ ಹೋಗುತ್ತಿದ್ದರು. ಆ ವರ್ಷ ನಡೆಯಲು ಆಗುತ್ತಿರಲಿಲ್ಲ. ವ್ಹೀಲ್‌ಚೇರ್ ತಳ್ಳುವುದಕ್ಕೆ ನಾನು ಬೇಕಾಗಿತ್ತು. ಅಲ್ಲಿಗೆ ಹೋದ ಮೇಲೆ ಫಲಕವೊಂದನ್ನು ನನ್ನ ಕೈಗೆ ಕೊಟ್ಟರು. ಅದೇ ತಿಂಗಳು ಇಲ್ಲೇ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿದ್ದೆ. ಸುತ್ತ ಕ್ಯಾಮೆರಾಗಳಿದ್ದವು. ನನ್ನ ಹೆದರಿಕೆ ಫಲಕವನ್ನು ಹಿಡಿದ ರೀತಿಯಲ್ಲೇ ಅವರಿಗೆ ಗೊತ್ತಾಗಿರಬೇಕು. ಅದರಿಂದ ನನ್ನ ಮುಖ ಮುಚ್ಚಿಕೊಂಡಿದ್ದೆ.

“ಕೊಡಿಲ್ಲಿ. ನೀನು ನೀರಿನ ಬಾಟಲಿ ಹಿಡ್ಕೋ. ಬಾಟಲಿಗೆ ವೀಸಾ ಬೇಡ,” ಎಂದರು.

ದಾರಿಯುದ್ದಕ್ಕೂ ಅವರು ಒಂದು ಕೈಯಲ್ಲಿ ಫಲಕ ಎತ್ತಿಕೊಂಡಿದ್ದರು. ನಾನು ನೀರಿನ ಬಾಟಲಿಯನ್ನು ಕುರ್ಚಿಯ ಹಿಡಿಗೆ ಸಿಕ್ಕಿಸಿ ತಳ್ಳುತ್ತಿದ್ದೆ.

ಅವರ ಕಾದಂಬರಿ ನಾಲ್ಕು. ನಾಲ್ಕರಲ್ಲೂ ಎಲ್ಲೋ ಒಂದು ಕಡೆ ಆಗತಾನೇ ಸ್ನಾನ ಮಾಡಿಸಿದ ಮಗು ಬರುತ್ತದೆ. ಒದ್ದೆ ಕೂದಲು, ಸೋಪಿನ ವಾಸನೆ, ಉಜ್ಜಿ ಕೆಂಪಾದ ಕೆನ್ನೆ. ಆ ಮಗು ಕಾಣಿಸಿಕೊಂಡ ಮೇಲೆ ಕೆಲವೇ ಪುಟಗಳಲ್ಲಿ ಆ ಮನೆ ಒಡೆದುಹೋಗುತ್ತದೆ. ಇದನ್ನು ಬೇರೆ ಯಾರೂ ಬರೆದಂತಿರಲಿಲ್ಲ. ಕಂಡುಹಿಡಿದ ಸಂತೋಷದಲ್ಲಿ ಒಂದು ಗುರುವಾರ ಪುಟಸಂಖ್ಯೆಗಳ ಸಮೇತ ಹೇಳಿದೆ. ಅವರು ಕೇಳಿದರು. ಚಹಾದ ಲೋಟವನ್ನು ಮೇಜಿನ ಮೇಲೆ ತಡಕಿ ಇಟ್ಟರು.

“ಇವತ್ತಿಗೆ ಸಾಕು. ಮನೆಗೆ ಹೋಗು,” ಎಂದರು.

ಮೂರು ವಾರ ಆ ಮಾತೆತ್ತಲಿಲ್ಲ. ನಾಲ್ಕನೆಯ ವಾರ ಕಪಾಟಿನ ತಳದಿಂದ ಒಂದು ಹಳೆಯ ನೋಟ್‌ಬುಕ್ ತೆಗೆಸಿದರು. “ಇದನ್ನ ಟೈಪ್ ಮಾಡಬೇಡ. ಓದು,” ಎಂದು ಹೇಳಿ ಹಿತ್ತಿಲಿಗೆ ಹೋದರು. ಅದರಲ್ಲಿದ್ದದ್ದು ಒಂದೂವರೆ ಪುಟ.

ಅವರು ಹುಟ್ಟಿದ್ದು ನದಿಯ ದಡದ ಒಂದು ವಸತಿಯಲ್ಲಿ. ಆ ಕಾಲದಲ್ಲಿ ಸರ್ಕಾರದ ಕಾರು ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿತ್ತು. ಬಣ್ಣ ತಿಳಿಯಾಗಿರುವ ಮಕ್ಕಳನ್ನು ಮೊದಲು. ಬಿಳಿಯರ ಮನೆಗಳಲ್ಲಿ ಬೆಳೆಸಿದರೆ ತಮ್ಮವರನ್ನು ಮರೆತು ಬಿಳಿಯರೇ ಆಗುತ್ತಾರೆ ಎಂಬ ಲೆಕ್ಕ. ಅದಕ್ಕೆ ತಾಯಂದಿರು ಬೆಳಗಾಗೆದ್ದು ತಿಳಿಬಣ್ಣದ ಮಕ್ಕಳ ಮೈಗೆ ಇದ್ದಿಲು ತಿಕ್ಕುತ್ತಿದ್ದರು. ಅವರ ತಂಗಿಗೆ ಐದು ವರ್ಷ, ಬಣ್ಣ ತಿಳಿ. ತಾಯಿ ಬೆಳಗಿನ ಜಾವವೇ ಯಾರದೋ ಮನೆಯ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಹಾಗಾಗಿ ಇದ್ದಿಲು ಹಚ್ಚುವುದು ಒಂಬತ್ತು ವರ್ಷದ ಅಣ್ಣನ ಕೆಲಸ. ಹಿಂದಿನ ಸಂಜೆ ತಾಯಿ ಮಗಳಿಗೆ ತಲೆಗೆ ಎರೆದಿದ್ದಳು. ಆ ಬೆಳಗ್ಗೆ ಅಣ್ಣ ಇದ್ದಿಲು ಹಚ್ಚದೆ ಮೀನು ಹಿಡಿಯಲು ನದಿಗೆ ಹೋದ. ವಾಪಸು ಬಂದಾಗ ಮಣ್ಣಿನಲ್ಲಿ ಕಾರಿನ ಗುರುತು ಇತ್ತು.

ಅಷ್ಟೇ ಇತ್ತು. ಓದಿ ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟೆ. ಹಿತ್ತಿಲಿಂದ ಬಂದವರು ನನ್ನ ಕಿವಿಯಾಚೆ ನೋಡುತ್ತ, “ಪುಟಸಂಖ್ಯೆ ಸರಿಯಾಗಿಯೇ ಹೇಳಿದ್ದೆ ನೀನು,” ಎಂದರು.

ಅವರು ಕೊನೆಗೆ ಬರೆದದ್ದು ಒಂದು ಸಣ್ಣಕತೆ. ಬರೆದದ್ದೆಂದರೆ ಹೇಳಿದ್ದು, ನಾನು ಬರೆದುಕೊಂಡೆ. ಅದರಲ್ಲಿ ಹುಡುಗ ನದಿಗೆ ಹೋಗುವುದಿಲ್ಲ. ತಂಗಿಯ ಕೆನ್ನೆ, ಕತ್ತು, ಕಿವಿಯ ಹಿಂದೆ, ಬೆರಳುಗಳ ಸಂದಿ, ಎಲ್ಲ ಕಡೆಗೂ ಇದ್ದಿಲು ಹಚ್ಚುತ್ತಾನೆ. ಕಾರು ಗೇಟಿನ ತನಕ ಬರುತ್ತದೆ, ಒಳಗಿನವರು ನೋಡುತ್ತಾರೆ, ಕಾರು ತಿರುಗುತ್ತದೆ. ನಲವತ್ತು ವರ್ಷ ಕೋರ್ಟಿನ ಬೆಂಚಿನಲ್ಲಿ, ಬೀದಿಯಲ್ಲಿ, ಆದದ್ದನ್ನು ಆದ ಹಾಗೆ ಹೇಳಿ ಎಂದು ಕೇಳಿದ ಮನುಷ್ಯ ಆಗದೇ ಇದ್ದದ್ದನ್ನು ಬರೆದದ್ದು ಅದೊಂದೇ.

ಅದನ್ನು ನಮ್ಮ ಭಾಷೆಗೆ ತರಲೇ ಎಂದು ಕೇಳಿದೆ. “ನಿನ್ನ ಭಾಷೆಯಲ್ಲಿ ಯಾರು ಓದ್ತಾರೆ?” ಎಂದರು. ಬಹಳ ಜನ ಎಂದೆ. “ಅವರಲ್ಲಿ ಕಾರು ತಂದವರು ಯಾರೂ ಇಲ್ಲವಲ್ಲ? ಹಾಗಾದರೆ ಕೊಡು.”

ಅನುವಾದ ಮಾಡುತ್ತಿದ್ದ ವಾರ ಅಕ್ಕ ಮಗುವನ್ನು ಚೈಲ್ಡ್‌ಕೇರಿನಿಂದ ಕರೆತಂದು ಸಿಟ್ಟಿನಲ್ಲಿ ಬ್ಯಾಗು ಬಿಸಾಕಿದಳು. “ನೋಡೇ, ದೃಷ್ಟಿಬೊಟ್ಟು ಒರೆಸಿಬಿಟ್ಟಿದಾರೆ! ಏನೋ ಡರ್ಟ್ ಅನ್ಕೊಂಡ್ವಿ ಅಂತಾರೆ. ವೆಟ್ ವೈಪ್ ತಗೊಂಡು ಕೆನ್ನೆ ಕೆಂಪಾಗೋ ಹಾಗೆ ಉಜ್ಜಿದಾರೆ.” ಕಾಡಿಗೆಯ ಡಬ್ಬಿ ತೆಗೆದು ಮತ್ತೆ ಇಟ್ಟಳು, ಈ ಸಲ ದೊಡ್ಡದಾಗಿ. ಮಗು ತಲೆ ಕೊಡವಿತು. ನಾನು ಕೋಣೆಗೆ ಹೋಗಿ ಹಚ್ಚುವ ಭಾಗವನ್ನು ಮತ್ತೊಮ್ಮೆ ತಿದ್ದಿದೆ. ಇಂಗ್ಲಿಷಿನಿಂದ ತಂದ ಶಬ್ದಗಳನ್ನೆಲ್ಲ ಹೊಡೆದು ಅಕ್ಕನ ಕೈ ಮಾಡಿದ್ದನ್ನು ಬರೆದೆ.

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಸಂಪಾದಕರು ಮಂಡ್ಯದ ಕಡೆಯವರು. ಐಟಿ ಕೆಲಸ, ಶನಿವಾರ ಸಂಜೆ ಹ್ಯಾರಿಸ್ ಪಾರ್ಕಿನ ಸಿಹಿ ಅಂಗಡಿಯ ಮೂಲೆಯ ಟೇಬಲ್ಲೇ ಅವರ ಆಫೀಸು. ಕತೆಯನ್ನು ಅಲ್ಲೇ ಕೂತು ಓದಿದರು. ಮೈಸೂರ್‌ಪಾಕು ತಟ್ಟೆಯಲ್ಲೇ ಉಳಿಯಿತು.

“ಇವರು ಆಫ್ರಿಕಾದವ್ರೇನಮ್ಮ?”

“ಇಲ್ಲಿಯವ್ರೇ ಅಂಕಲ್.”

“ಇಲ್ಲಿಯವ್ರು ಅಂದ್ರೆ?”

“ಎಲ್ಲರೂ ಬರೋಕೆ ಮುಂಚೆ ಇದ್ದವರು.”

ಅವರು ಕನ್ನಡಕ ತೆಗೆದರು. “ಹದಿನೆಂಟು ವರ್ಷ ಆಯ್ತು ನಾನು ಬಂದು. ಮಾರ್ಟ್‌ಗೇಜ್ ಅರ್ಧ ತೀರ್ಸಿದೀನಿ. ಒಬ್ಬರನ್ನೂ ಮಾತಾಡ್ಸಿಲ್ಲ ನೋಡು. ಮೊದಲನೇ ಪುಟಕ್ಕೇ ಹಾಕೋಣ ಇದನ್ನ.”

ಸಂಚಿಕೆ ಅಚ್ಚಿಗೆ ಹೋಗುವ ಮೊದಲೇ ಅಂಕಲ್ ತೀರಿಕೊಂಡರು. ಮೆಲ್ಬರ್ನಿನಲ್ಲಿದ್ದ ತಂಗಿಯನ್ನು ನೋಡಲು ಹೋಗಿದ್ದರು. ಅಲ್ಲೇ, ಬೆಳಗಿನ ಚಹಾ ಕುಡಿದ ಮೇಲೆ, ಕುರ್ಚಿಯಲ್ಲೇ. ಹೌದು, ಅದೇ ತಂಗಿ. ಮೂವತ್ತು ವರ್ಷ ಹುಡುಕಿ ಪತ್ತೆ ಮಾಡಿದ್ದರು. ಆಕೆ ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿ ಒಬ್ಬರೇ ಇದ್ದರು. ಮೆಸೇಜ್ ಕಳಿಸಿದವರೂ ಅವರೇ: ನಿನ್ನ ಅಂಕಲ್ ಹೋದ. ಹೆಸರು ಹೇಳಬೇಡ, ಫೋಟೊ ಬೇಡ. ಸರಿ ಆಂಟಿ ಎಂದು ಉತ್ತರ ಬರೆದೆ.

ಎರಡು ವಾರದ ಮೇಲೆ ಸಂಪಾದಕರಿಗೆ ಫೋನ್ ಮಾಡಿ ತಿಳಿಸಿದೆ. ಅವರ ದನಿ ಕುಂದಿತು. “ಅಯ್ಯೋ ದೇವ್ರೇ. ಒಂದ್ ಒಳ್ಳೆ ಫೋಟೊ ಕಳ್ಸಮ್ಮಾ,” ಎಂದರು. ನಾನು ಕಳಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಹೋದರೆ ಹಿರಿಯರು ಕಿರಿಯರಿಗೆ ಹೇಳುವ ಮೊದಲ ಕೆಲಸ ಅದೇ. ಅಜ್ಜಿ ಹೋದಾಗ ಆಲ್ಬಮ್ಮುಗಳ ಮುಂದೆ ಕೂರಿಸಿದ್ದು ನನ್ನನ್ನೇ. ಅಳು ಬರುತ್ತಿರುವಾಗ ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂದು ಕೈ ತಾನೇ ಮಾಡಿತು. ಅಡಿಟಿಪ್ಪಣಿ ನೆನಪಿಗೆ ಬರಲಿಲ್ಲ. ಆಂಟಿಗೆ ಬರೆದ ‘ಸರಿ’ ಕೂಡ.

ಮಾರನೆಯ ದಿನ ಸಂಘದ ಗ್ರೂಪಿನಲ್ಲಿ ಅದು ಬಂತು. ಅವರ ಮುಖ, ಕೊರಳಿಗೆ ಚಿತ್ರದ ಹಾರ, ಎರಡೂ ಪಕ್ಕ ಉರಿಯುವ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಅವರ ಪೂರ್ತಿ ಹೆಸರು ದಪ್ಪ ಅಕ್ಷರಗಳಲ್ಲಿ. ಅದರ ಕೆಳಗೆ ಕೈಮುಗಿದ ಗುರುತುಗಳು, ನೂರಾರು. ಹೆಸರನ್ನು ಜನ ಮತ್ತೆ ಮತ್ತೆ ಬರೆದಿದ್ದರು.

ನಾನು ಫೋನ್ ಮಾಡುವಷ್ಟರಲ್ಲಿ ಅದು ಬೇರೆ ಊರುಗಳ ಗ್ರೂಪುಗಳಿಗೆ ಹೋಗಿತ್ತು. ಸಂಪಾದಕರಿಗೆ ವಿಷಯ ಹೇಳಿದೆ.

“ಹಾರ ಚೆನ್ನಾಗಿ ಬಂದಿಲ್ಲ ಅಂತ ಎರಡು ಸಲ ಬದ್ಲಾಯಿಸ್ದೆ ಕಣಮ್ಮಾ,” ಎಂದರು. “ಮೊದ್ಲೇ ಒಂದ್ ಮಾತು ಹೇಳೋದಲ್ವ?”

ಹೇಳಬೇಕಿತ್ತು. ಅವರು ಆ ವಾರ ರಜೆ ಹಾಕಿ ಒಂದೊಂದು ಗ್ರೂಪಿನ ಅಡ್ಮಿನ್‌ಗೂ ಫೋನ್ ಮಾಡಿದರು. ಸಿಹಿ ಅಂಗಡಿಯ ಗಾಜಿಗೆ ಅಂಟಿಸಿದ್ದನ್ನು ತಾವೇ ಹೋಗಿ ಉಗುರಿನಿಂದ ಕೆರೆದು ತೆಗೆದರು. ಆದರೆ ಅಷ್ಟರಲ್ಲಿ ವಿಂಡಮ್ ವೇಲ್‌ನಲ್ಲಿ ಆಂಟಿಯ ಪಕ್ಕದ ಮನೆಯ ಮಂಗಳೂರಿನ ನರ್ಸ್ ಒಬ್ಬರು, ಕೊಂಕಣಿ ಕ್ರಿಶ್ಚಿಯನ್ನರು, ಅಂಕಲ್ಲನ್ನು ಅಲ್ಲಿ ಕಂಡು ಬಲ್ಲವರು, ತಮ್ಮ ಫೋನಿಗೆ ಬಂದ ಚಿತ್ರವನ್ನು ಪ್ರಿಂಟ್ ಮಾಡಿಸಿ, ಫ್ರೇಮ್ ಹಾಕಿಸಿ, ಬಿಳಿ ಗುಲಾಬಿಗಳ ಜೊತೆ ತಂದುಕೊಟ್ಟಿದ್ದರು. ಅವರಿಗಾಗಿ ಜಪಸರ ಹೇಳಿದೆ ಎಂದಿದ್ದರಂತೆ.

ಆಂಟಿಯಿಂದ ಒಂದೇ ಸಾಲಿನ ಮೆಸೇಜ್ ಬಂತು: ಇದು ನಿನ್ನ ಕಡೆಯಿಂದ ಬಂದದ್ದೇ?

ಹೌದು ಎಂದು ಬರೆದು, ಮರುದಿನ ಬೆಳಗಿನ ವಿಮಾನ ಬುಕ್ ಮಾಡಿದೆ.

ಮೆಲ್ಬರ್ನಿನಿಂದ ವಿಂಡಮ್ ವೇಲ್‌ಗೆ ರೈಲಿನಲ್ಲಿ ಹೋದೆ. ಎರಡೂ ಕಡೆ ಒಂದೇ ಅಚ್ಚಿನ ಹೊಸ ಮನೆಗಳು, ಇನ್ನೂ ಹುಲ್ಲು ಹತ್ತದ ಅಂಗಳಗಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿದೆ. ಆಂಟಿಯನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಬಾಗಿಲಲ್ಲಿ ಅಂಕಲ್ಲನದೇ ಹಣೆ, ಅದೇ ಉದ್ದ ಕೈಗಳು ಕಂಡವು. ಬಣ್ಣ ಮಾತ್ರ ತಿಳಿ, ನನಗಿಂತಲೂ ತಿಳಿ.

ಅಡುಗೆಮನೆಯ ಮೇಜಿನ ಮೇಲೆ ಫ್ರೇಮನ್ನು ಬೋರಲು ಹಾಕಿ ಮೇಲೊಂದು ಪಾತ್ರೆ ಒರೆಸುವ ಚೌಕಳಿ ಬಟ್ಟೆ ಹೊದಿಸಿದ್ದರು.

“ಎತ್ತಿಡೋಕಾಗಲ್ಲ. ಬಿಸಾಕೋಕೂ ಕೈ ಬರಲ್ಲ,” ಎಂದರು. “ನಾಲ್ಕು ದಿನದಿಂದ ಇದರ ಪಕ್ಕ ಊಟ ಮಾಡ್ತಿದೀನಿ.”

ನಾನು ನಿಂತೇ ಇದ್ದೆ.

“ಗೊತ್ತಿರಲಿಲ್ಲ ಅನ್ನು. ಪಕ್ಕದ ಮನೆಯವಳಿಗೂ ಗೊತ್ತಿರಲಿಲ್ಲ, ಪಾಪ. ಅಂದರೆ ಮುಗೀತು.”

ಅದನ್ನು ಹೇಳಿಬಿಡಬಹುದಿತ್ತು. ದಾರಿಯಲ್ಲಿ ಕಟ್ಟಿದ ವಾಕ್ಯಗಳಲ್ಲಿ ಅದೂ ಒಂದಿತ್ತು.

“ಗೊತ್ತಿತ್ತು ಆಂಟಿ.”

ಅವರು ಕುರ್ಚಿ ಎಳೆದುಕೊಂಡು ಕೂತರು. ನನಗೆ ಕೂರು ಎನ್ನಲಿಲ್ಲ.

“ನಮ್ಮಮ್ಮ ಸತ್ತದ್ದು ನನಗೆ ತಿಳಿದದ್ದು ಹನ್ನೊಂದು ವರ್ಷ ಆದಮೇಲೆ. ನನ್ನ ಸಾಕಿದವರ ಮನೆಯಲ್ಲಿ ಸಾವು ಅಂದರೆ ಸ್ಯಾಂಡ್‌ವಿಚ್ಚು, ಮೆತ್ತಗೆ ಮಾತು. ನಮ್ಮವರ ರೀತಿ ಏನು ಅಂತ ನನಗೆ ಹೇಳಿಕೊಟ್ಟವನು ಅವನು. ಐವತ್ತು ದಾಟಿದ ಹೆಂಗಸಿಗೆ, ಮಕ್ಕಳಿಗೆ ಹೇಳಿದ ಹಾಗೆ. ನಾನು ಹೋದರೆ ಹೆಸರು ಹೇಳಬೇಡ, ಕರೆದರೆ ನಾನು ಹೋಗೋದು ತಡ ಆಗುತ್ತೆ, ಅಂದಿದ್ದ. ನನ್ನವರಿಗೆ ಅಂತ ನಾನು ಸರಿಯಾಗಿ ಮಾಡಬೇಕಾಗಿದ್ದದ್ದು ಇದೊಂದೇ. ಎಪ್ಪತ್ತನಾಲ್ಕು ವರ್ಷಕ್ಕೆ ಮೊದಲನೇ ಸಲ. ಹೆಸರು ನಾಲಿಗೆಗೆ ಬಂದರೆ ನೀರು ಕುಡೀತಿದ್ದೆ. ಮೂರು ವಾರ ಮಾಡಿದೆ.” ಫ್ರೇಮಿನ ಮೇಲಿನ ಬಟ್ಟೆ ಸರಿಮಾಡಿ, “ನಿಮ್ಮವರು ಎಷ್ಟು ಸಲ ಕರೆದರು ಅವನನ್ನ?” ಎಂದು ಕೇಳಿದರು.

ನಾನು ಲೆಕ್ಕ ಇಡುವವಳು. ಗೊತ್ತಿತ್ತು, ಹೇಳಲಿಲ್ಲ. ಅವರು ಕೇಳಿದ್ದೂ ಉತ್ತರಕ್ಕಲ್ಲ.

ಕ್ಷಮಿಸಿ ಎಂದೆ. ಅವರು ತಲೆಯಾಡಿಸಿದರು, ಅದು ಆಗಲಿ ಎಂದೋ ಆಗುವುದಿಲ್ಲ ಎಂದೋ ನನಗೆ ಇಂದಿಗೂ ತಿಳಿಯದು. ಆಮೇಲೆ ಎದ್ದು ಕೆಟಲ್ ಇಟ್ಟರು. ಎರಡು ಲೋಟ ತೆಗೆದರು. ಆಗ ನಾನು ಕೂತೆ.

ಕತೆಯ ವಿಷಯ ಅವರೇ ಎತ್ತಿದರು. ಸಂಪಾದಕರು ಪುಟ ತಡೆಹಿಡಿದು ಕಾಯುತ್ತಿದ್ದರು. ಬೇಕಾದರೆ ಲೇಖಕರ ಹೆಸರಿಲ್ಲದೆ ಹಾಕುತ್ತೇವೆ ಎಂದು ನನ್ನ ಕೈಯಲ್ಲಿ ಹೇಳಿಕಳಿಸಿದ್ದರು.

“ಹೆಸರಿಲ್ಲದೆ ಬೇಡ,” ಎಂದರು ಆಂಟಿ. “ಹೆಸರು ಕಿತ್ತು ಬೇರೆ ಮನೆಯಲ್ಲಿ ಇಡೋದು ನನಗೊಬ್ಬಳಿಗೆ ಆಗಿದ್ದು ಸಾಕು. ಅವನ ಹೆಸರು ಹೇಳಬಹುದು ಅನ್ನೋ ದಿನ ನಾನೇ ಫೋನ್ ಮಾಡ್ತೀನಿ. ಅಲ್ಲೀ ತನಕ ನಿನ್ನ ಹತ್ತಿರ ಇರಲಿ. ಅವನ ಬಗ್ಗೆ ಏನಾದರೂ ಹೇಳಬೇಕು ಅನ್ನಿಸಿದರೆ ಹೇಳು. ಹೆಸರು ಬೇಡ, ಅಷ್ಟೆ.”

“ಎಷ್ಟು ದಿನ ಆಂಟಿ?”

“ಗೊತ್ತಿಲ್ಲ. ನನಗೂ ಇದು ಮೊದಲನೇ ಸಲ ಅಂದೆನಲ್ಲ.”

ಚಹಾ ಕುಡಿಯುತ್ತ ಆ ಬೆಳಗಿನ ಬಗ್ಗೆ ನನಗೆ ಗೊತ್ತೇ ಎಂದು ಕೇಳಿದರು. ನೋಟ್‌ಬುಕ್ ಓದಿದ್ದೆ ಎಂದೆ.

“ನದಿಗೆ ಹೋದೆ ಅಂತ ಬರೆದಿದಾನೆ.”

“ಹೌದು.”

“ನಾನು ಕಳಿಸಿದೆ ಅಂತ ಬರೆದಿದಾನಾ?”

ಇಲ್ಲ ಎಂದೆ.

“ನನಗೆ ಆ ಇದ್ದಿಲು ಕಂಡರೆ ಆಗ್ತಿರಲಿಲ್ಲ. ಕಡಿಯೋದು. ಹಿಂದಿನ ದಿನ ಅಮ್ಮ ತಲೆ ತೊಳೆದಿದ್ದಳು, ಕೂದಲು ಒಳ್ಳೆ ವಾಸನೆ ಬರ್ತಿತ್ತು. ಇವತ್ತು ಬೇಡ, ನೀನು ಹೋಗು, ಅಮ್ಮನಿಗೆ ಹೇಳಲ್ಲ ಅಂತ ಅಳ್ತಾ ಹಟ ಹಿಡಿದೆ. ಅದಕ್ಕೇ ಹೋದ. ಮೆಲ್ಬರ್ನ್ ಸ್ಟೇಷನ್ನಿನಲ್ಲಿ ಮೊದಲನೇ ಸಲ ಸಿಕ್ಕಾಗ, ನನ್ನ ಮುಟ್ಟೋಕೂ ಮುಂಚೆ, ನಾನು ಹಚ್ಚಲಿಲ್ಲ ಅಂದ. ನಾನು ಬೇಡ ಅಂದಿದ್ದೆ ಕಣೋ ಅಂದೆ. ಎಷ್ಟು ಸಲ ಹೇಳಿದೀನಿ. ಕೇಳಿಸಿಕೊಳ್ತಿದ್ದ. ನಾಲ್ಕು ಪುಸ್ತಕ ಓದಿದೀನಿ, ಅದೊಂದನ್ನ ಎಲ್ಲೂ ಹಾಕಲಿಲ್ಲ.”

ನಾಲ್ಕೂ ಪುಸ್ತಕಗಳ ಮಕ್ಕಳು ಮನಸ್ಸಿಗೆ ಬಂದರು. ಅವರಲ್ಲಿ ಒಬ್ಬರೂ ಬಾಯಿ ತೆರೆದು ಒಂದು ಮಾತೂ ಆಡಿಲ್ಲ ಎಂಬುದು ನನ್ನ ಪ್ರಬಂಧದಲ್ಲಿ ಇರಲಿಲ್ಲ.

ಹೊರಡುವಾಗ ಫ್ರೇಮನ್ನು ಆ ಚೌಕಳಿ ಬಟ್ಟೆಯಲ್ಲೇ ಸುತ್ತಿ ನನ್ನ ಕೈಗಿಟ್ಟರು. “ನಿನ್ನ ಕಡೆಯಿಂದ ಬಂದದ್ದು, ನೀನೇ ತಗೊಂಡು ಹೋಗು.” ಅದೀಗ ದಿ ಪಾಂಡ್ಸ್‌ನ ನನ್ನ ಕೋಣೆಯಲ್ಲಿ, ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಬೋರಲಾಗಿದೆ, ಅದರ ಮೇಲೆ ಅನುವಾದದ ಹಾಳೆಗಳು. ಸಂಚಿಕೆ ಆ ಕತೆಯಿಲ್ಲದೆ ಎರಡು ಸಲ ಬಂದಿದೆ. ಸಂಪಾದಕರು ಶನಿವಾರ ಸಿಕ್ಕಾಗ, “ಫೋನ್ ಬಂತೇನಮ್ಮಾ?” ಎಂದು ಕೇಳುತ್ತಾರೆ. ಇನ್ನೂ ಇಲ್ಲ ಅಂಕಲ್ ಎನ್ನುತ್ತೇನೆ. ಅವರು ಮೊದಲ ಪುಟಕ್ಕೆ ಬೇರೆ ಯಾವುದನ್ನೂ ಹಾಕದೆ, ಅಲ್ಲಿ ಸಂಘದ ಗುರುತನ್ನು ಮಾತ್ರ ಹಾಕುತ್ತಿದ್ದಾರೆ.

ಆ ದಿನ ಬಾಗಿಲ ತನಕ ಬಂದ ಮೇಲೆ ಆಂಟಿ ನನ್ನನ್ನು ತಡೆದರು.

“ನಿನ್ನ ಬ್ಯಾಗಿನಲ್ಲಿದೆಯಾ ಅದು?”

ಇತ್ತು.

“ಓದು. ನನಗೆ ಅರ್ಥ ಆಗಲ್ಲ, ಅದೇ ಒಳ್ಳೇದು.”

ಮತ್ತೆ ಒಳಗೆ ಹೋಗಿ ಕೂತೆವು. ನಾನು ಕನ್ನಡದಲ್ಲಿ ಓದತೊಡಗಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಮೇಜಿನ ಮೇಲೆ ಎರಡೂ ಕೈ ಬಿಡಿಸಿಟ್ಟಿದ್ದರು. ನನ್ನ ಕಣ್ಣು ಪದೇ ಪದೇ ಆ ಕೈಗಳ ಮೇಲೆ ಹೋಗುತ್ತಿತ್ತು. ಹಚ್ಚುವ ಭಾಗ ಬಂದಾಗ ನಾನೇ ನಿಲ್ಲಿಸಿ ಹೇಳಿದೆ.

“ಈಗ ಹಚ್ಚುತ್ತಿದ್ದಾನೆ.”

“ಅವಳು ಅಳ್ತಿದಾಳಾ?”

“ಇಲ್ಲ ಆಂಟಿ. ಸುಮ್ಮನೆ ನಿಂತಿದ್ದಾಳೆ.”

ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ನಾನು ಮುಂದೆ ಓದಿದೆ.

“ಕಾರು?”

“ಗೇಟಿನ ಹತ್ತಿರ ಇದೆ.”

ಇನ್ನೂ ಅರ್ಧ ಪುಟ ಓದಿದೆ.

“ಈಗ?”

“ತಿರುಗಿತು. ಹೋಗ್ತಿದೆ.”

“ಅವನೆಲ್ಲಿ?”

“ಅವಳ ಪಕ್ಕದಲ್ಲೇ ನಿಂತಿದ್ದಾನೆ. ಕೈಯೆಲ್ಲ ಕಪ್ಪಾಗಿದೆ.”

ಆಂಟಿ ಕೈ ಚಾಚಿ ಹಾಳೆಯ ಮೇಲೆ ಇಟ್ಟರು. “ಅಲ್ಲಿಗೇ ನಿಲ್ಲಿಸು,” ಎಂದರು.

ಮುಂದೆ ಇನ್ನೂ ಎರಡು ಪುಟ ಇದ್ದವು. ನಾನು ಓದಲಿಲ್ಲ.